ಭಾನುವಾರದ ಮಿರ್ಚಿಗೆ ನನ್ನ ಸಹಿ

ಆಪರೇಷನ್ ಆಗಬೇಕೆಂದರೆ ಹದಿನಾರು ವಾರದಲ್ಲಿ ಆರು ಕೆಜಿ ಇಳಿಸಬೇಕು ಎಂದು ನಮ್ಮ ಮೂಳೆ ಡಾಕ್ಟರು ಹೇಳಿದಾಗ ಎದುರಿಗೆ ಕುಳಿತಿದ್ದವರು ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಬಲ ಮೊಣಕಾಲನ್ನು ಸ್ವಲ್ಪ ಸರಿಸಿಟ್ಟುಕೊಂಡು ಕೇಳಿದರು: "ಇಳಸ್ತೀನ್ರಿ. ಐತಾರ ಮಿರ್ಚಿ ತಿನ್ನಬೌದಲ್ರಿ?"

ಡಾಕ್ಟರು ನನ್ನ ಕಡೆ ನೋಡಿದರು. ನಾನೇ ಹೇಳಿಕೊಟ್ಟು ಕರೆತಂದಿದ್ದೇನೆ ಎಂಬ ಅನುಮಾನ ಅವರ ಮುಖದಲ್ಲಿತ್ತು. ಬಳ್ಳಾರಿಯ ಆ ಕ್ಲಿನಿಕ್ಕಿನಲ್ಲಿ ನನ್ನ ಕೋಣೆಯ ಬಾಗಿಲಿಗೆ 'ಆಹಾರ ತಜ್ಞೆ' ಎಂದು ಬರೆದಿದೆ, ಜನ ಕರೆಯುವುದು ಡಯಟ್ ಮೇಡಂ ಎಂದು. ವಾರಕ್ಕೊಂದು ದಿನ ಪಥ್ಯಕ್ಕೆ ರಜೆ ಇರಬೇಕು ಎಂದು ನಾನು, ಇರಕೂಡದು ಎಂದು ಅವರು, ನಮ್ಮ ಜಗಳ ಹಳೆಯದು. ಕ್ಲಿನಿಕ್ಕಿನ ಅಚ್ಚಾದ ಚಾರ್ಟಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಚೀಟ್ ಡೇ ಇಲ್ಲ' ಎಂದು ಹಾಕಿಸಿದವರು ಅವರೇ.

"ಮಿರ್ಚಿ ಅಲ್ಲಮ್ಮ, ಮಿರ್ಚಿ ಕರಿಯೋ ವಾಸನಿನೂ ನೋಡಂಗಿಲ್ಲ," ಎಂದರು ಡಾಕ್ಟರು.

ಆಕೆ ಸಿರುಗುಪ್ಪದ ಒಂದು ಸರ್ಕಾರಿ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ಐವತ್ನಾಲ್ಕು ವರ್ಷ. ಶಾಲೆಯ ಮಕ್ಕಳು, ಮೇಷ್ಟ್ರು ಎಲ್ಲರೂ ಅಡುಗಿ ಅಕ್ಕ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯತೊಡಗಿದೆ. ಬಲ ಮೊಣಕಾಲಿನ ಸಂದು ಪೂರ್ತಿ ಸವೆದಿತ್ತು. ತೂಕ ತೊಂಬತ್ತಾರು ಕೆಜಿ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಹಿಡಿತದಲ್ಲಿತ್ತು. ಬೇಸಿಗೆ ರಜೆ ಶುರುವಾದ ಕೂಡಲೇ ಕೀಲು ಬದಲಿಸಿದರೆ ಶಾಲೆ ಮತ್ತೆ ತೆರೆಯುವಷ್ಟರಲ್ಲಿ ಅವರು ಒಲೆಯ ಮುಂದೆ ನಿಲ್ಲಬಹುದು. ಈ ರಜೆ ತಪ್ಪಿದರೆ ಇನ್ನೊಂದು ವರ್ಷ ಅವರ ಕಾಲು ತಡೆಯುವುದಿಲ್ಲ, ಶಾಲೆಯೂ ಕಾಯುವುದಿಲ್ಲ. ಬೇರೆಯವರನ್ನು ನೋಡಲೇನಮ್ಮಾ ಎಂದು ಹೆಡ್ ಮಾಸ್ತರು ಆಗಲೇ ಒಮ್ಮೆ ಕೇಳಿದ್ದರು. ಆ ಮಾತು ಹೇಳುವಾಗ ಮಾತ್ರ ಅಕ್ಕನ ಧ್ವನಿ ಸಣ್ಣಗಾಯಿತು. ಆಗ ಡಿಸೆಂಬರ್ ಮೊದಲ ವಾರ.

ನನ್ನ ಕೋಣೆಗೆ ಕರೆದುಕೊಂಡು ಹೋಗಿ, ಅಚ್ಚಾದ ಚಾರ್ಟಿನ ಆ ದಪ್ಪ ಅಕ್ಷರದ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ಕೈಯಲ್ಲಿ ಬರೆದೆ: ಭಾನುವಾರ ಸಂಜೆ, ಮಿರ್ಚಿ ಮೂರು, ಒಗ್ಗರಣೆ ಮಂಡಕ್ಕಿ ಒಂದು ಪ್ಲೇಟು, ಅಂಗಡಿಯಲ್ಲೇ ತಿನ್ನಬೇಕು, ಪಾರ್ಸಲ್ ಇಲ್ಲ. ಪಾರ್ಸಲ್ ಮನೆಗೆ ಬಂದರೆ ಮೂರು ಆರಾಗುತ್ತದೆ, ಇದು ನನ್ನ ಹೊಟ್ಟೆಯಿಂದಲೇ ಕಲಿತ ಪಾಠ. ನನಗೆ ಈ ಚೀಟ್ ಡೇ ಎಂಬ ಹೆಸರಿನ ಮೇಲೇ ಸಿಟ್ಟು. ಹಸಿದ ಮನುಷ್ಯ ಬೇಕಾದದ್ದನ್ನು ಹೇಳಿ, ಅಳೆದು, ಬೀದಿಯಲ್ಲಿ ನಿಂತು ತಿಂದರೆ ಅದರಲ್ಲಿ ಮೋಸ ಎಲ್ಲಿದೆ? ಆರು ದಿನ ಬಾಯಿ ಕಟ್ಟಿದವರಿಗೆ ಏಳನೆಯ ದಿನ ಒಂದು ಪ್ಲೇಟು ಕಾದಿದೆ ಎಂದು ಗೊತ್ತಿದ್ದರೆ ಬುಧವಾರ ಕಳೆಯುವುದು ಸುಲಭ. ಗೊತ್ತಿಲ್ಲದಿದ್ದರೆ ಬುಧವಾರವೇ ಕದ್ದು ತಿನ್ನುತ್ತಾರೆ.

ಪ್ರತಿ ಶನಿವಾರ ಮಧ್ಯಾಹ್ನ ನಾನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗುತ್ತೇನೆ. ತೂಕ ಇಳಿಸುವವರ ಗುಂಪೊಂದು ಅಲ್ಲಿಯ ಸಭಾಂಗಣದಲ್ಲಿ ಸೇರುತ್ತದೆ. ಬ್ಯಾಗಿನಲ್ಲಿ ತೂಕದ ಮಷೀನು, ಅದರ ಕೆಳಗೆ ಹಾಕಲು ಒಂದು ಪ್ಲೈವುಡ್ ಹಲಗೆ. ಆ ಸಭಾಂಗಣದ ನೆಲ ಕಡಪ ಕಲ್ಲಿನದು, ಏರುತಗ್ಗು. ಹಲಗೆ ಇಲ್ಲದೆ ಇಟ್ಟರೆ ಒಂದು ಮೂಲೆಯಲ್ಲಿ ಒಂದು ತೂಕ, ಇನ್ನೊಂದು ಮೂಲೆಯಲ್ಲಿ ಇನ್ನೊಂದು. ಚಪ್ಪಲಿ ಬಿಡಬೇಕು, ಮೊಬೈಲು ಕೆಳಗಿಡಬೇಕು, ಹೆಂಗಸರು ಪ್ರತಿ ವಾರವೂ ನೂಲಿನ ಸೀರೆಯಲ್ಲೇ ಬರಬೇಕು. ಒಮ್ಮೆ ಒಬ್ಬರು ಮದುವೆಯಿಂದ ನೇರ ರೇಷ್ಮೆ ಸೀರೆಯಲ್ಲಿ ಬಂದು ತೂಕ ಏರಿತೆಂದು ಕಣ್ಣೀರು ಹಾಕಿದ್ದರು, ಸೀರೆಯನ್ನೇ ಬೇರೆ ತೂಗಿ ಸಮಾಧಾನ ಮಾಡಬೇಕಾಯಿತು.

ಮೊದಲು ಮಷೀನು ಹತ್ತುವುದು ನಾನು. ಎಪ್ಪತ್ತೆಂಟು ಕೆಜಿ. ಜೋರಾಗಿ ಓದಿ ಹೇಳುತ್ತೇನೆ. ಗುಂಪಿನಲ್ಲಿದ್ದ ಒಬ್ಬ ಅಕ್ಕಿ ಗಿರಣಿ ಮಾಲೀಕರು ಮೊದಲ ದಿನವೇ, "ಮೇಡಂ, ನೀವು ಮೊದ್ಲು ಇಳಸ್ರಿ, ಆಮ್ಯಾಲ ನಮಗ ಹೇಳ್ರಿ," ಎಂದಿದ್ದರು. "ನಾ ತೊಂಬತ್ತೊಂದು ಇದ್ದಾಕಿ ಅಣ್ಣಾರ. ಇಳಿಸೇ ಇಲ್ಲಿ ನಿಂತೀನಿ," ಎಂದೆ. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಎಲ್ಲರಿಗೂ ಒಂದೊಂದು ನಲವತ್ತು ಪುಟದ ನೋಟ್‌ಬುಕ್ಕು. ಒಂದು ಪುಟಕ್ಕೆ ಒಂದು ವಾರ, ದಿನಕ್ಕೊಂದು ಚೌಕ, ತಿಂದದ್ದೆಲ್ಲ ಅದರಲ್ಲಿ ಬರೆಯಬೇಕು. ಅಕ್ಕನ ನೋಟ್‌ಬುಕ್ಕು ಎಲ್ಲರಿಗಿಂತ ಚೊಕ್ಕ. ಮಕ್ಕಳಿಗೆ ಬಡಿಸುವ ಮುಂಚೆ ಅಡುಗೆಯವರು ರುಚಿ ನೋಡಲೇಬೇಕು, ಆ ಒಂದು ಸೌಟು ಸಾಂಬಾರು ಅನ್ನವನ್ನೂ ಬಿಡದೆ ಬರೆದಿದ್ದರು. ಸೋಮವಾರದ ಚೌಕದಲ್ಲಿ ಮಾತ್ರ ಒಂದೇ ಪದ: ಒಪ್ಪತ್ತು. ಆ ದಿನ ರುಚಿ ನೋಡುವ ಕೆಲಸ ಸಹಾಯಕಿಯದು. ಮದುವೆಯಾದಾಗಿನಿಂದ ಅವರು ಸೋಮವಾರ ಬಿಟ್ಟವರಲ್ಲ. ಹಗಲು ಉಪವಾಸ, ರಾತ್ರಿ ಪೂಜೆ ಮುಗಿಸಿ ಒಂದೇ ಊಟ. ನಾನು ಪ್ರತಿ ವಾರ ಆ ಚೌಕಕ್ಕೆ ಕೆಂಪು ಪೆನ್ನಿನಲ್ಲಿ ರೈಟ್ ಹಾಕುತ್ತಿದ್ದೆ.

ಮೊದಲ ಮೂರು ವಾರದಲ್ಲಿ ತೊಂಬತ್ತಾರು ಹೋಗಿ ತೊಂಬತ್ನಾಲ್ಕು ಚಿಲ್ಲರೆ ಆಯಿತು. ಮೊದಲಿಗೆ ಎಲ್ಲರಿಗೂ ಇಳಿಯುತ್ತದೆ, ಅದರಲ್ಲಿ ಹೆಚ್ಚಿನದು ನೀರು. ಆಮೇಲೆ ಅಂಕಿ ಅಲ್ಲೇ ನಿಂತಿತು. ನಾಲ್ಕನೆಯ ವಾರ ತೊಂಬತ್ನಾಲ್ಕು ಪಾಯಿಂಟ್ ಎರಡು, ಐದನೆಯ ವಾರ ಅಷ್ಟೇ, ಆರನೆಯ ವಾರ ನೂರು ಗ್ರಾಂ ಕಡಿಮೆ. ನಾನು ಮಷೀನಿನ ಸೆಲ್ ಬದಲಿಸಿದೆ. ಹಲಗೆ ಬದಲಿಸಿದೆ. ಅಕ್ಕಿ ಗಿರಣಿಯ ತೂಕದ ಕಲ್ಲು ಇಟ್ಟು ಮಷೀನನ್ನೇ ಪರೀಕ್ಷೆ ಮಾಡಿದೆ. ಮಷೀನಿನಲ್ಲಿ ತಪ್ಪಿರಲಿಲ್ಲ.

ಆರನೆಯ ವಾರದ ನಡುವೆ ಡಾಕ್ಟರ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಅವರು ನೋಟ್‌ಬುಕ್ಕು ತಿರುವಿ ಭಾನುವಾರದ ಚೌಕದ ಮೇಲೆ ಬೆರಳಿಟ್ಟರು.

"ಇದೇನ್ರಿ ಮೇಡಂ?"

"ರಜಾ ಸರ್. ಒಂದು ಪ್ಲೇಟು."

"ಆರು ದಿನ ಕಟ್ಟಿದ ಗ್ವಾಡಿ ಏಳನೇ ದಿನ ನೀವೇ ಕೆಡವ್ತೀರಿ. ಮುಂದಿನ ವಾರದಿಂದ ಇದು ಬಂದ್."

ಅವರ ಮಾತಿಗೆ ಎದುರಾಗಿ ಇಡಲು ನನ್ನ ಕೈಯಲ್ಲಿ ಅಂಕಿ ಇರಲಿಲ್ಲ. ಆ ಗುಂಪಿನಲ್ಲೇ ಅವರ ಮಾತಿಗೆ ಸಾಕ್ಷಿಯೂ ಇತ್ತು. ಗಿರಣಿ ಮಾಲೀಕರ ಭಾನುವಾರ ಶನಿವಾರ ಸಂಜೆಗೆ ಶುರುವಾಗಿ ಸೋಮವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಒಂದು ಪ್ಲೇಟಿಗೆ ನಿಲ್ಲಿಸಲಾಗದವರಿಗೆ ರಜೆ ಕೊಡಬಾರದೆಂದು ಒಪ್ಪಿ ಅವರದನ್ನು ನಾನೇ ರದ್ದು ಮಾಡಿದ್ದೆ. ಆದರೆ ಅಕ್ಕ ಮೂರರ ಮೇಲೆ ನಾಲ್ಕನೆಯ ಮಿರ್ಚಿ ಮುಟ್ಟಿದವರಲ್ಲ. ಅದು ಗೊತ್ತಿದ್ದೂ ನಾನು ತಲೆಯಾಡಿಸಿ ಹೊರಗೆ ಬಂದೆ. ಆ ತಲೆಯಾಡಿಸಿದ್ದಕ್ಕೆ ಈಗಲೂ ನನಗೆ ನಾಚಿಕೆಯಿದೆ.

ಆರನೆಯ ಶನಿವಾರ ವಿಷಯ ತಿಳಿಸಿದಾಗ ಅಕ್ಕ ನೋಟ್‌ಬುಕ್ಕಿನ ಅಂಚು ತಿಕ್ಕಿದರು.

"ಮೇಡಂ, ಆರು ದಿನ ಇನ್ನೂರು ಮಕ್ಕಳಿಗೆ ಮಾಡಿ ಹಾಕ್ತೀನಿ. ಮನಿಗಿ ಹೋದ್ರ ಮನ್ಯಾಗ ಮಾಡಿ ಹಾಕ್ತೀನಿ. ಐತಾರ ಒಂದಿನ ಬ್ಯಾರೇದವ್ರು ಬಿಸೀದು ಕರದು ನನ್ನ ಕೈಯಾಗ ಕೊಡ್ತಾರ. 'ಇನ್ನೊಂದ್ ಸ್ವಲ್ಪ ಒಗ್ಗರಣಿ ಹಾಕ್ಲೇನಕ್ಕಾ' ಅಂತ ನನ್ನ ಕೇಳ್ತಾರ. ನನ್ನ ಯಾರು ಕೇಳ್ತಾರ್ರಿ ಹಂಗ?"

"ಡಾಕ್ಟರು ಹೇಳ್ಯಾರ ಅಕ್ಕಾರ," ಎಂದೆ. ಇಷ್ಟು ಬಡ ಉತ್ತರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಎರಡು ವಾರ ಭಾನುವಾರದ ಚೌಕದಲ್ಲಿ ಎರಡು ರೊಟ್ಟಿ, ಪುಂಡಿ ಪಲ್ಯ ಎಂದಷ್ಟೇ ಇತ್ತು. ಎಂಟನೆಯ ಶನಿವಾರ ಮಷೀನು ತೋರಿಸಿದ್ದು ತೊಂಬತ್ನಾಲ್ಕು ಪಾಯಿಂಟ್ ಆರು. ಮಿರ್ಚಿ ಬಿಟ್ಟು ಅರ್ಧ ಕೆಜಿ ಏರಿತ್ತು. ಅಕ್ಕ ಚಪ್ಪಲಿ ಹಾಕಿಕೊಂಡರು. ಒಂಬತ್ತನೆಯ ಶನಿವಾರ ಬರಲೇ ಇಲ್ಲ. ಫೋನು ಮಾಡಿದರೆ, "ಸ್ವಲ್ಪ ಕೆಲಸ ಐತ್ರಿ ಮೇಡಂ, ಸೋಮವಾರ ಸಾಲಿ ರಜಾ, ಕುರುಗೋಡಿಗಿ ತವರಿಗೆ ಹೊಂಟೀನಿ," ಎಂದರು. ಇನ್ನು ಬರುವುದಿಲ್ಲ ಎಂಬುದು ಧ್ವನಿಯಲ್ಲೇ ಇತ್ತು.

ಸೋಮವಾರ ನನಗೂ ಕುರುಗೋಡಿನಲ್ಲಿ ಕೆಲಸ. ವಾರಕ್ಕೊಮ್ಮೆ ಅಲ್ಲಿ ಬಿಪಿ, ತೂಕ ನೋಡುವ ಶಿಬಿರ. ಮಧ್ಯಾಹ್ನ ಅದನ್ನು ಮುಗಿಸಿ ಅಕ್ಕನ ತವರುಮನೆ ಕೇಳಿಕೊಂಡು ಹೋದೆ. ದೊಡ್ಡ ಬಸವಣ್ಣನ ಗುಡಿಯಿಂದ ಎರಡು ಓಣಿ ಆಚೆ. ಅಕ್ಕ ಆಗಷ್ಟೇ ಗುಡಿಗೆ ಹೋಗಿ ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ನನ್ನನ್ನು ನೋಡಿ ಮುಜುಗರವಾದರೂ ಅಣ್ಣನ ಹೆಂಡತಿಯನ್ನು ಕೂಗಿದರು. "ವೈನಿ, ಮೇಡಂ ಬಂದಾರ, ಫಳಾರ ತರ್ರಿ."

"ಇವತ್ತು ಎಲ್ಲಾರ್ದೂ ಒಪ್ಪತ್ತು ಮೇಡಂ, ಊಟ ಇಲ್ಲ. ಇಷ್ಟ ಸ್ವಲ್ಪ ಬಾಯಿಗಿ ಹಾಕ್ಕೊಳ್ರಿ," ಎನ್ನುತ್ತಾ ವೈನಿ ಎರಡು ತಟ್ಟೆ ತಂದಿಟ್ಟರು.

ಆ 'ಇಷ್ಟ ಸ್ವಲ್ಪ'ವನ್ನು ನೋಡಿದೆ. ತಟ್ಟೆ ತುಂಬ ತುಪ್ಪ ಹಾಕಿದ ಸಾಬೂದಾಣಿ, ಅದರಲ್ಲಿ ಅರ್ಧ ಶೇಂಗಾ. ಪಕ್ಕದಲ್ಲಿ ಬೆಲ್ಲದ ಶೇಂಗಾ ಉಂಡೆ ಎರಡು, ಬಾಳೆಹಣ್ಣು ಎರಡು, ಸಕ್ಕರೆ ಹಾಕಿದ ಒಂದು ಲೋಟ ಹಾಲು. ಆ ತಟ್ಟೆ ನನಗೆ ಹೊಸದಲ್ಲ. ನಮ್ಮಮ್ಮನೂ ಸೋಮವಾರದ ಒಪ್ಪತ್ತಿನವಳು. ಚಿಕ್ಕಂದಿನಲ್ಲಿ ನಾನು ಸೋಮವಾರ ಬರಲಿ ಎಂದು ಕಾಯುತ್ತಿದ್ದದ್ದೇ ಆ ಉಂಡೆಗಾಗಿ. ಹಾಗಿದ್ದೂ ಎಂಟು ವಾರ, ಎಂಟು ಕೆಂಪು ರೈಟು. ಉಪವಾಸದ ದಿನ ಏನು ತಿಂತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಉಪವಾಸ ಎಂದಮೇಲೆ ಮುಗಿಯಿತು, ಕೇಳುವುದೇನಿದೆ?

ಬ್ಯಾಗಿನಲ್ಲಿ ಅಡುಗೆಮನೆಯ ಸಣ್ಣ ತಕ್ಕಡಿ ಇತ್ತು. "ತಪ್ಪು ತಿಳೀಬ್ಯಾಡ್ರಿ," ಎಂದು ಅಕ್ಕನ ತಟ್ಟೆಯನ್ನು ಒಂದೊಂದಾಗಿ ತೂಗಿದೆ. ಸಾಬೂದಾಣಿ ಮುನ್ನೂರು ಗ್ರಾಂಗೆ ಸ್ವಲ್ಪ ಕಡಿಮೆ, ಉಂಡೆ ಒಂದೊಂದೂ ನಲವತ್ತು ಗ್ರಾಂ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೂಡಿಸಿದೆ. ನಾನು ಅಕ್ಕನಿಗೆ ಇಡೀ ದಿನಕ್ಕೆ ಬರೆದುಕೊಟ್ಟಷ್ಟು ಆಹಾರ ಆ ಒಂದು ಫಳಾರದಲ್ಲಿ ಹೆಚ್ಚುಕಡಿಮೆ ಮುಗಿದಿತ್ತು. ಭಾನುವಾರದ ಪ್ಲೇಟು ಅದರ ಅರ್ಧವೂ ಇರಲಿಲ್ಲ.

"ಸಂಜಿಕೂ ಇದೇ ಏನ್ರಿ?"

"ಸಂಜಿಕ ಒಂದು ಸ್ವಲ್ಪ. ರಾತ್ರಿ ಪೂಜಿ ಆದ ಮ್ಯಾಲ ಊಟ. ಸೋಮವಾರ ನೈವೇದ್ಯಕ್ಕ ಹುಗ್ಗಿ ಇರತೈತಿ."

"ಉಳಿದ ಉಂಡಿ?"

ಉತ್ತರ ಕೊಟ್ಟದ್ದು ವೈನಿ. "ವಾರಕ್ಕ ಒಂದು ಡಬ್ಬಿ ಕಟ್ಟಿ ಕಳಸ್ತೀನ್ರಿ. ಪಾಪ, ನಿಂತು ನಿಂತು ಕಾಲು ಸೋಲ್ತಾವ. ಸಾಲ್ಯಾಗ ಆವಾಗಾವಾಗ ಒಂದು ತಿಂತಾಳ."

"ಇದು ಯಾಕ ಬರದಿಲ್ಲ ಅಕ್ಕಾರ?"

"ಉಪವಾಸದ್ದಲ್ರಿ ಅದು," ಎಂದರು ಅಕ್ಕ, ಇಷ್ಟೂ ತಿಳಿಯದೇ ಎಂಬಂತೆ. "ಊಟಕ್ಕ ಬರಂಗಿಲ್ಲ."

ಮಿರ್ಚಿ ಬಿಡಿಸಿದ ಮೇಲೆ ಡಬ್ಬಿ ಬೇಗ ಖಾಲಿಯಾಗುತ್ತಿತ್ತಂತೆ. ಆ ಎರಡು ವಾರದ ಅರ್ಧ ಕೆಜಿ ಎಲ್ಲಿಂದ ಬಂತೆಂದು ನನಗೆ ತಿಳಿಯಿತು. ಅಕ್ಕ ಸುಳ್ಳು ಬರೆದಿರಲಿಲ್ಲ. ದೇವರ ಹೆಸರಿನಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ವ್ಯತ್ಯಾಸ ಇಷ್ಟೇ, ನಾನು ಈ ವಿಷಯವನ್ನೇ ಓದಿ ಬಂದವಳು.

ಲೆಕ್ಕ ಬಿಡಿಸಿ ಹೇಳಿದಾಗ ಅಕ್ಕನ ಮುಖ ಬಿಗಿಯಿತು. "ಮೇಡಂ, ಮಿರ್ಚಿ ಬಿಡು ಅಂದ್ರಿ, ಬಿಟ್ಟೆ. ದೇವ್ರ ವಾರಕ್ಕ ಕೈ ಹಚ್ಚಬ್ಯಾಡ್ರಿ."

"ದೇವ್ರಿಗಿ ಕೈ ಹಚ್ಚಂಗಿಲ್ಲ ಅಕ್ಕಾರ, ಉಂಡಿಗಿ ಹಚ್ತೀನಿ. ಒಂದು ಹೊತ್ತು ಉಂಡವ ಯೋಗಿ ಅಂತಾರ. ನೀವು ಹಗಲೆಲ್ಲಾ ಉಂಡು ರಾತ್ರಿ ಮತ್ತ ಯೋಗಿ ಆಗ್ತೀರಿ."

ಮೊದಲು ನಕ್ಕದ್ದು ವೈನಿ. ಸೆರಗು ಬಾಯಿಗೆ ಹಿಡಿದು ನಗುತ್ತಲೇ, "ಖರೆ ಐತಿ ಬಿಡ್ರಿ, ನಮ್ಮ ಮನ್ಯಾಗ ಸೋಮವಾರದ ದಿನನಾ ಶೇಂಗಾ ಜಾಸ್ತಿ ಖರ್ಚು," ಎಂದರು. ಅಕ್ಕ ನಗಲಿಲ್ಲ. ತಟ್ಟೆಯಿಂದ ಒಂದು ಉಂಡೆ ತೆಗೆದು ವೈನಿಯ ಕೈಯಲ್ಲಿಟ್ಟರು.

ಅಲ್ಲೇ, ಆ ಪಡಸಾಲೆಯಲ್ಲೇ, ನಾನು ತೀರ್ಮಾನ ಮಾಡಿದೆ. ಬಾಕಿ ಇದ್ದದ್ದು ಏಳು ವಾರ, ಇಳಿಯಬೇಕಾದದ್ದು ನಾಲ್ಕೂವರೆ ಕೆಜಿಗಿಂತ ಹೆಚ್ಚು. ಉಂಡೆಯನ್ನೂ ನಿಲ್ಲಿಸಿ ಮಿರ್ಚಿಯನ್ನೂ ನಿಲ್ಲಿಸಿದರೆ ಬೇಗ ಇಳಿಯುತ್ತದೆ ಎನ್ನುವುದು ಕಾಗದದ ಮೇಲಿನ ಲೆಕ್ಕ. ಎರಡನ್ನೂ ಕಸಿದುಕೊಂಡರೆ ಹತ್ತನೆಯ ವಾರಕ್ಕೆ ಈ ಹೆಂಗಸು ಬರುವುದಿಲ್ಲ ಎನ್ನುವುದು ನನ್ನ ಲೆಕ್ಕ. ಹೊಸ ಹಾಳೆ ತೆಗೆದು ಬರೆದೆ: ಸೋಮವಾರ ಹಗಲು ಮಜ್ಜಿಗೆ, ಹಣ್ಣು ಒಂದು, ರಾತ್ರಿ ಪೂಜೆಯಾದ ಮೇಲೆ ಒಂದೇ ಊಟ, ಹುಗ್ಗಿ ನೈವೇದ್ಯದಷ್ಟು. ಡಬ್ಬಿ ಬಂದ್. ಭಾನುವಾರ ಸಂಜೆ ಮಿರ್ಚಿ ಮೂರು, ಒಗ್ಗರಣೆ ಒಂದು ಪ್ಲೇಟು. ಅದರ ಕೆಳಗೆ ಸಹಿ ಹಾಕಿ ಅಕ್ಕನ ಕೈಗೆ ಕೊಟ್ಟೆ.

"ಡಾಕ್ಟರು ಬೈತಾರ," ಎಂದರು ಅಕ್ಕ.

"ನನಗ ಬೈತಾರ. ನೀವು ತಿನ್ರಿ."

ಮರುದಿನ ಬೆಳಿಗ್ಗೆ ಆ ಹಾಳೆಯ ನಕಲನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಅವರ ಹಿಂದಿನ ಗೋಡೆಯಲ್ಲಿ 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಚೌಕಟ್ಟು ಹಾಕಿಸಿಕೊಂಡು ಕುಳಿತಿದೆ. ಆ ಸಾಲಿನ ಇನ್ನರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು, ನನಗೆ ಒಗ್ಗಿದ್ದಲ್ಲ.

"ಎರಡು ವಾರ ನಿಮ್ಮ ಮಾತು ನಡಸೀನಿ ಸರ್, ತೂಕ ಏರೈತಿ. ತಪ್ಪು ಐತಾರದ್ದಲ್ಲ, ಸೋಮವಾರದ್ದು. ಅದನ್ನ ಕೇಳದೇ ಬಿಟ್ಟಿದ್ದು ನಂದು. ಇನ್ನ ಏಳು ವಾರ ನನ್ನ ಮಾತು ನಡೀಲಿ."

"ಇಳೀಲಿಲ್ಲ ಅಂದ್ರ ಆ ಹೆಣ್ಮಗಳ ಒಂದು ವರ್ಷ ಹೋಗತೈತಿ. ಗೊತ್ತೈತಲ್ಲ?"

"ಗೊತ್ತೈತಿ. ಅದಕ್ಕ ಸಹಿ ಹಾಕೀನಿ. ಇಳೀಲಿಲ್ಲ ಅಂದ್ರ ಸಿರುಗುಪ್ಪಕ್ಕ ಹೋಗಿ ಅವ್ರ ಮುಂದ ನಾನೇ ನಿಂತು ಹೇಳ್ತೀನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಆತು. ಆದ್ರ ಕೊನೀ ತೂಕ ನಿಮ್ಮ ಹಲಗಿ ಮ್ಯಾಲಲ್ಲ, ಇಲ್ಲಿ. ಸೋಮವಾರ ಮುಂಜಾನಿ. ಐತಾರದ್ದು ಹೊಟ್ಟ್ಯಾಗ ಇರೂವಾಗ ಬರ್ಲಿ."

ಸಿಟ್ಟು ಬಂತು, ಆದರೂ ಒಪ್ಪಿದೆ. ಅವರ ಹೆದರಿಕೆಯೂ ಸುಳ್ಳಲ್ಲ. ಭಾರದ ಮೈಯಲ್ಲಿ ಹೊಸ ಕೀಲು ಕೂರಿಸಿ, ಗಾಯ ಮಾಯದೆ ನರಳಿದವರನ್ನು ಅವರು ನೋಡಿದ್ದಾರೆ.

ಹತ್ತನೆಯ ಶನಿವಾರ ಅಕ್ಕ ಬಂದರು. ಆರುನೂರು ಗ್ರಾಂ ಇಳಿದಿತ್ತು. ಹನ್ನೊಂದಕ್ಕೆ ಮತ್ತೆ ಅಷ್ಟು. ನಡುವೆ ಶಿವರಾತ್ರಿ ಬಂದು ಒಂದು ವಾರ ಅಂಕಿ ಕದಲಲಿಲ್ಲ, ಆ ವಾರ ನಾನೂ ಏನೂ ಕೇಳಲಿಲ್ಲ, ನನ್ನ ತೂಕವೂ ಕದಲಿರಲಿಲ್ಲ. ಸೋಮವಾರದ ಚೌಕದಲ್ಲಿ ಈಗ ಸಾಲುಗಟ್ಟಲೆ ಬರಹ. 'ಮಜ್ಜಿಗಿ ಎರಡು ಲೋಟ. ಹಸಿವು ಭಾಳ. ಸಿಟ್ಟು ಬಂತು. ಮೇಡಂಗೆ ಬೈದೆ.' ಅದಕ್ಕೂ ಕೆಂಪು ರೈಟು ಹಾಕಿದೆ. ಭಾನುವಾರದ ಚೌಕದಲ್ಲಿ ಪ್ರತಿ ವಾರವೂ ಮೂರೇ ಮಿರ್ಚಿ.

ಹದಿನಾರನೆಯ ಶನಿವಾರ ಸಿರುಗುಪ್ಪದ ಹಲಗೆಯ ಮೇಲೆ ಎಂಬತ್ತೊಂಬತ್ತು ಪಾಯಿಂಟ್ ಎಂಟು. ಗುಂಪಿನವರೆಲ್ಲ ಚಪ್ಪಾಳೆ ತಟ್ಟಿದರು, ಗಿರಣಿ ಮಾಲೀಕರೂ. ಎಲ್ಲರೂ ಹೋದ ಮೇಲೆ ಅಕ್ಕನಿಗೆ ನಿಜ ಹೇಳಿದೆ. ಮಿರ್ಚಿಯ ಉಪ್ಪು ನೀರು ಹಿಡಿಯುತ್ತದೆ, ನಾಳೆ ತಿಂದರೆ ನಾಡಿದ್ದು ಬೆಳಿಗ್ಗೆ ಅರ್ಧ ಕೆಜಿ ಜಾಸ್ತಿ ತೋರಿಸಬಹುದು, ತೊಂಬತ್ತು ದಾಟಬಹುದು, ಈ ಒಂದು ವಾರ ಬಿಟ್ಟರೆ ನಾನೇನೂ ಅಂದುಕೊಳ್ಳುವುದಿಲ್ಲ.

"ನೀವು ಸಹಿ ಹಾಕೀರಲ್ಲ?" ಎಂದರು ಅಕ್ಕ.

"ಹಾಕೀನಿ."

"ಮತ್ತ? ಕದ್ದು ತಿಂದೀನೇನ್ರಿ ನಾ, ಇವತ್ತು ಬಚ್ಚಿಡಾಕ?"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಬಳ್ಳಾರಿಗೆ ಬಂದರು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಡಾಕ್ಟರು ಎದ್ದು ನಿಂತು ತಾವೇ ಮಷೀನು ನೋಡಿದರು. ತೊಂಬತ್ತು ಪಾಯಿಂಟ್ ಮೂರು. ಅವರು ನನ್ನ ಕಡೆ ತಿರುಗಿದರು. ಮುನ್ನೂರು ಗ್ರಾಂ. ಒಂದು ಜೊತೆ ಚಪ್ಪಲಿಯಷ್ಟು.

ಮಾತಾಡಿದ್ದು ಅಕ್ಕ, ಮಷೀನಿನ ಮೇಲೆ ನಿಂತೇ. "ಸಾಹೇಬ್ರ, ಆ ಮುನ್ನೂರು ಗ್ರಾಂ ಮಿರ್ಚಿದು. ನಿನ್ನಿ ಸಂಜಿಕ ತಿಂದೀನಿ, ಪುಸ್ತಕದಾಗ ಬರದೀನಿ. ಬಾಕಿದೆಲ್ಲಾ ನಾ ಇಳಿಸಿದ್ದು."

ಡಾಕ್ಟರು ನೋಟ್‌ಬುಕ್ಕು ಕೇಳಿ ಇಸಿದುಕೊಂಡರು. ಮೊದಲ ಪುಟದಿಂದ ಓದತೊಡಗಿದರು. ಸೋಮವಾರದ ಬೈಗುಳದ ಹತ್ತಿರ ಬಂದಾಗ ಅವರ ಮೀಸೆ ಸ್ವಲ್ಪ ಅಲುಗಿತು. ಆಮೇಲೆ ಅಕ್ಕನನ್ನು ಕೂರಿಸಿ ಮೊಣಕಾಲು ಮಡಚಿಸಿ ನೋಡಿದರು, ನಡೆಸಿ ನೋಡಿದರು. ಕುರ್ಚಿಗೆ ಮರಳಿ ಡೈರಿ ತೆಗೆದು ಏಪ್ರಿಲ್ ತಿಂಗಳ ಒಂದು ದಿನಾಂಕ ಬರೆದರು. ಅದು ಸೋಮವಾರ. ನಾನು ಗೋಡೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ನರ್ಸಮ್ಮ ಆಪರೇಷನ್ನಿನ ನಿಯಮಗಳ ಚೀಟಿ ತಂದು ಓದಿ ಹೇಳತೊಡಗಿದರು. ಹಿಂದಿನ ರಾತ್ರಿಯಿಂದ ಏನೂ ತಿನ್ನುವಂತಿಲ್ಲ, ಹಣ್ಣು ಹಾಲು ಕೂಡ ಇಲ್ಲ, ಬೆಳಿಗ್ಗೆ ನೀರೂ ಇಲ್ಲ, ಪೂರ್ತಿ ಉಪವಾಸ.

"ಅದನ್ನ ನನಗ ಹೇಳಬ್ಯಾಡ್ರಿ ತಾಯಿ, ಖರೆ ಉಪವಾಸ ಮಾಡಾಕ ಈಗ ಕಲ್ತೀನಿ," ಎಂದು ಅಕ್ಕ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. "ಹಿಂದಿನ ದಿನ ಐತಾರ ಬಂತು. ಮಿರ್ಚಿ ಎಷ್ಟು ಗಂಟೆ ತನಕ ತಿನ್ನಬೌದು, ಅದನ್ನ ಹೇಳ್ರಿ."

ನರ್ಸಮ್ಮ ನನ್ನನ್ನು ನೋಡಿದರು. ನಾನು ಡಾಕ್ಟರನ್ನು ನೋಡಿದೆ. ಅವರು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ.

"ಐದು ಗಂಟೆ ಒಳಗ ಮುಗಸ್ರಿ," ಎಂದರು.